ಕಪ್ಪು ಎರಡರಿಂದ ಬಿಳಿ ಒಂದಕ್ಕೆ

ನಾನು ಗಾಯಕನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕುರ್ಚಿಯಿಂದ ನಿವೃತ್ತನಾದವನು. ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ. ಊರಿಗೊಂದು, ಜಾತಿಗೊಂದು, ರೈಲ್ವೆ ಸ್ಟೇಷನ್ನಿಗೊಂದು. ರಾಜ್ಯೋತ್ಸವ, ದಸರಾ, ಗಣೇಶೋತ್ಸವ ಎಂದು ವರ್ಷವಿಡೀ ವೇದಿಕೆ. ಮುಖ್ಯ ಅತಿಥಿಗಳು ಎಲ್ಲೋ ಸಾಯನ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಅವರು ಬರುವ ತನಕ ಸಭಿಕರು ಎದ್ದುಹೋಗದಂತೆ ನೋಡಿಕೊಳ್ಳಲು ಒಬ್ಬ ಬೇಕು. ಆ ಒಬ್ಬನಾಗಿ ನಾನು ಬಹಳ ವರ್ಷ ದುಡಿದಿದ್ದೇನೆ, ಹೆಚ್ಚಾಗಿ ಒಂದೇ ಹಾಡಿನ ಬಲದ ಮೇಲೆ.

ಹಾಡು ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’. ರಾಗ ಹಾಕಿ, ಹಾಡಿ, ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವತ್ಥ್. ಕಾಡಿನೊಳಗೆ ಸುತ್ತಿ ಬಳಸಿ ಹರಿಯುವ ತೊರೆಯೊಂದು, ಬರೀ ಕೇಳಿ ಗೊತ್ತಿರುವ ಸಮುದ್ರವನ್ನು ಎಂದಾದರೂ ಸೇರಿಯೇನೇ ಎಂದು ತನ್ನಷ್ಟಕ್ಕೆ ಕೇಳಿಕೊಳ್ಳುತ್ತದೆ; ಅಷ್ಟೇ ಅದರ ಕಥೆ. ಕವಿ ಹುಟ್ಟಿದ್ದು 1926ರಲ್ಲಿ, ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ. ಪಕ್ಕದ ಹಿರೇಕೆರೂರು ತಾಲ್ಲೂಕು ನನ್ನದು. ‘ನಮ್ಮ ಕಡೆಯವರ ಹಾಡು’ ಎಂಬ ಸಲಿಗೆಯಿಂದಲೇ ಅದನ್ನು ಎತ್ತಿಕೊಂಡೆ. ಸಲಿಗೆ ಹೆಚ್ಚಾದರೆ ಆಗುವ ಅನಾಹುತಗಳೆಲ್ಲ ಆದವು. ಹೊಸದಾಗಿ ಹಾಡಲು ನಿಲ್ಲುವವರಿಗೆ ಉಪಯೋಗವಾದೀತೆಂದು ಕೆಲವನ್ನು ಇಲ್ಲಿ ಬರೆದಿದ್ದೇನೆ.

1. ಸೆಲ್ಲು ಸೊರಗಿದ ಟೇಪ್ ರೆಕಾರ್ಡರನ್ನು ಗುರು ಮಾಡಿಕೊಳ್ಳಬಾರದು.

ಪರೇಲಿನ ಚಾಳೊಂದರ ಖೋಲಿಯಲ್ಲಿ ನಾವು ನಾಲ್ಕೈದು ಹುಡುಗರಿದ್ದೆವು. ಒಬ್ಬ ಊರಿನಿಂದ ಬರುವಾಗ ಖಾಲಿ ಕ್ಯಾಸೆಟ್ಟಿಗೆ ಭಾವಗೀತೆಗಳನ್ನು ತುಂಬಿಸಿಕೊಂಡು ಬಂದಿದ್ದ. ಕರೆಂಟು ಸುಟ್ಟರೆ ಚಾಳಿನ ಮಾಲೀಕ ಬಾಡಿಗೆ ಏರಿಸುತ್ತಾನೆಂದು ಟೂ-ಇನ್-ವನ್ ಅನ್ನು ಸೆಲ್ಲಿನ ಮೇಲೆಯೇ ಓಡಿಸುತ್ತಿದ್ದೆವು. ಸೆಲ್ಲು ತೀರುತ್ತ ಬಂದಂತೆ ಟೇಪು ನಿಧಾನವಾಗುತ್ತದೆ, ದನಿಯೂ ಕೆಳಗಿಳಿಯುತ್ತದೆ. ಹೊಸ ಸೆಲ್ಲಿಗೆ ದುಡ್ಡು ಕೂಡಿಸುವವರೆಗೆ ಹಳೆಯವನ್ನೇ ಬಿಸಿಲಿಗಿಟ್ಟು, ಹಲ್ಲಿನಲ್ಲಿ ಕಚ್ಚಿ, ಮತ್ತೆ ಹಾಕುವುದು. ಹೀಗೆ ಎಳೆದಾಡುವ ಟೇಪಿನಿಂದ ನಾನು ಹಾಡು ಕಲಿತೆ. ಅದು ಒಂದು ದೀರ್ಘ ಗೋಳಾಟ ಎಂದೇ ತಿಳಿದಿದ್ದೆ. ಊರು ಬಿಟ್ಟು ಬಂದ ಹೊಸತು. ನನಗೂ ಗೋಳಾಟವೇ ಹಿತವಾಗಿತ್ತು.

ಮೊದಲ ಸಲ ತಬಲಾದ ಜೊತೆ ಹಾಡಿದಾಗ, ನುಡಿಸುತ್ತಿದ್ದ ಮರಾಠಿ ಹಿರಿಯರು ಪಲ್ಲವಿ ಮುಗಿಯುವ ಮೊದಲೇ ಕೈ ತೆಗೆದು, ‘ಭಾವೂ, ಇದು ಗಾಣಂ ಹೌದೋ ಅಂತ್ಯಯಾತ್ರೆಯೋ?’ ಎಂದರು. ಆಮೇಲೆ ಯಾರದೋ ಮನೆಯಲ್ಲಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಪ್ಲೇಯರಿನಲ್ಲಿ ಅದೇ ಹಾಡು ಕೇಳಿ ದಂಗಾದೆ. ಅದರಲ್ಲಿ ಓಟವಿದೆ, ಆಸೆಯಿದೆ. ತೊರೆ ಎಂದ ಮೇಲೆ ಹರಿಯಬೇಕಲ್ಲ! ನಾನು ಅದನ್ನು ಕೆರೆ ಮಾಡಿ ನಿಲ್ಲಿಸಿದ್ದೆ. ಈಗ ಕಲಿಯಲು ಬರುವವರಿಗೆ ಒಂದೇ ಕಡೆಯಿಂದ ಕಲಿಯಬೇಡಿ, ಇಬ್ಬರು ಮೂವರು ಹಾಡಿದ್ದನ್ನು ಕೇಳಿ ಎನ್ನುತ್ತೇನೆ. ಆ ಎಳೆದಾಡುವ ಟೇಪಿನ ಚಟ ಬಿಡಲು ನನಗೆ ಹಾಡು ಕಲಿಯುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

2. ಕರಾವಳಿಯವರ ಮುಂದೆ ಕಡಲಿನ ಹಾಡು ಹಾಡುವಾಗ ಸ್ವಲ್ಪ ತಗ್ಗಿ ನಡೆಯಬೇಕು.

ಮುಂಬಯಿ ಕನ್ನಡಿಗರಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದವರೇ ಹೆಚ್ಚು. ನಾನೋ, ನಮ್ಮ ಕಡೆಯ ಮದಗದ ಕೆರೆಯನ್ನೇ ಸಮುದ್ರ ಎಂದುಕೊಂಡು ಬೆಳೆದವನು. ಖೋಲಿಯ ಗೆಳೆಯರಲ್ಲಿ ಒಬ್ಬ ಕುಂದಾಪುರ ಕಡೆಯ ಮೊಗವೀರರ ಹುಡುಗ. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ರಾತ್ರಿ ಬಂದು ಚಾಪೆ ಹಾಸುವ ಹೊತ್ತಿಗೆ ನನ್ನ ಹಾಡು. ಒಂದು ದಿನ ಎದ್ದು ಕೂತ. ‘ಎಂತಾ ಮಾರಾಯ, ಕಡ್ಲ್ ಕಾಂಬುಕೆ ಇಷ್ಟೆಲ್ಲ ಒದ್ದಾಟ ಎಂತಕೆ?’ ಎಂದ. ಅವನ ಅಪ್ಪ ಬೆಳಗಿನ ಜಾವ ದೋಣಿ ಇಳಿಸಿದರೆ, ಮರಳಿ ದಡಕ್ಕೆ ಬರುವವರೆಗೆ ಅಮ್ಮ ಬಾಯಿಗೆ ನೀರೂ ಹಾಕುತ್ತಿರಲಿಲ್ಲವಂತೆ. ಮಳೆಗಾಲದ ಆಟಿ ತಿಂಗಳಲ್ಲಿ ಕಡಲು ಬಿಗಿದುಕೊಂಡರೆ ಮನೆಯಲ್ಲಿ ಸಾಲ. ಕಡಲನ್ನು ಸೇರುವ ಆಸೆ ಅವನಿಗಿರಲಿಲ್ಲ; ಅದರಿಂದ ದೂರ ಬಂದು ಮೆಟ್ರಿಕ್ ಪಾಸಾಗುವ ಆಸೆ ಇತ್ತು.

ಅಲ್ಲಿಯವರೆಗೆ ನಾನು ಹಾಡಿದ್ದೆಲ್ಲ ಬಯಲುಸೀಮೆಯವನ ಬೆರಗು. ಅದರಲ್ಲಿ ತಪ್ಪೇನಿಲ್ಲ. ಆದರೆ ಎದುರಿಗೆ ಕೂತವರಿಗೆ ಸಮುದ್ರ ಎಂದರೆ ಅನ್ನ, ಅಪಾಯ, ಸಾಲ ಎಲ್ಲವೂ ಆಗಿರಬಹುದು ಎಂಬುದು ತಲೆಗೆ ಹೊಳೆದಿರಲಿಲ್ಲ. ಅಂದಿನಿಂದ ಕಣ್ಣು ಮುಚ್ಚಿ, ಕೈ ಚಾಚಿ ಹಾಡುವ ನಾಟಕ ಕಡಿಮೆ ಮಾಡಿದೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ.

3. ಅಶ್ವತ್ಥರ ಗಂಟಲು ಅಶ್ವತ್ಥರದು.

ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡೇ ಅವರು ಇಷ್ಟೆಲ್ಲ ಹಾಡುಗಳಿಗೆ ರಾಗ ಕಟ್ಟಿದರು ಎಂದು ಯಾರೋ ಹೇಳಿದರು. ಹಾಗಾದರೆ ಬ್ಯಾಂಕಿನವನಿಗೇನು ಕಷ್ಟ ಎಂದು ನಾನು ಹುರುಪುಗೊಂಡೆ. ಅವರು ದನಿ ಒಡೆದು ಕೂಗುವಲ್ಲಿ ಕೂಗಿದೆ, ಬಿಕ್ಕುವಲ್ಲಿ ಬಿಕ್ಕಿದೆ. ಮರುದಿನ ಕೌಂಟರಿನಲ್ಲಿ ಗಿರಾಕಿಗಳೊಡನೆ ಸನ್ನೆಯಲ್ಲೇ ವ್ಯವಹಾರ. ಅನುಕರಣೆ ಕಲಿಕೆಯ ಮೊದಲ ಹಂತ ಎನ್ನುತ್ತಾರೆ, ನಿಜ. ನಾನು ಆ ಮೊದಲ ಹಂತದಲ್ಲೇ ಹತ್ತು ವರ್ಷ ಕೂತುಬಿಟ್ಟೆ.

4. ಮನೆಯಲ್ಲಿ ನೀರು ಬಾರದ ದಿನ ಸಮುದ್ರದ ಹಾಡು ಎತ್ತಬಾರದು.

ಮದುವೆಯಾಗಿ ಡೊಂಬಿವಲಿಗೆ ಬಂದೆವು. ಒಂದು ಕೋಣೆ, ಒಂದು ಅಡುಗೆಮನೆ, ಇಪ್ಪತ್ತು ವರ್ಷದ ಸಾಲ. ನಳದಲ್ಲಿ ನೀರು ಬರುವುದು ನಸುಕಿನಲ್ಲಿ, ಅದೂ ಮನಸ್ಸಿದ್ದರೆ. ಹೆಂಡತಿ ಎದ್ದು ಪೈಪು ಹಚ್ಚಿ ನೀರಿನ ಪಿಂಪು ತುಂಬಿಸಬೇಕು. ನಾನು ಫಾಸ್ಟ್ ಲೋಕಲ್ ಹಿಡಿಯಲು ಏಳುವ ಹೊತ್ತಿಗೆ ಅವಳದು ಅರ್ಧ ದಿನ ಮುಗಿದಿರುತ್ತಿತ್ತು. ಅಂಥ ಒಂದು ಬೇಸಿಗೆಯ ಬೆಳಿಗ್ಗೆ, ನೀರು ಬಂದಿರಲಿಲ್ಲ, ಟ್ಯಾಂಕರಿಗೆ ಕೆಳಗೆ ಸರದಿ ನಿಂತಿತ್ತು, ನಾನು ಕಿಟಕಿಯ ಬಳಿ ಸಾಧನೆಗೆ ಕೂತಿದ್ದೆ. ಬಾಗಿಲಲ್ಲಿ ಖಾಲಿ ಕೊಡ ಹಿಡಿದು ನಿಂತವಳು ಪಕ್ಕದ ಮನೆಯಾಕೆಗೆ ಕೇಳುವಂತೆ ಹೇಳಿದಳು: ‘ನಳದಾಗ ಹನಿ ನೀರಿಲ್ಲ, ಇವರಿಗೆ ಸಮುದ್ರ ಬೇಕಂತ!’

ನಗು ಬಂತು, ಆದರೆ ಮಾತು ನಾಟಿತು. ಆ ವರ್ಷಗಳಲ್ಲಿ ನಾನು ಆ ಹಾಡನ್ನು ಹಾಡುತ್ತಿದ್ದುದು ಸಾಲದ ಕಂತು, ಬಡ್ತಿ ತಪ್ಪಿದ್ದು, ಮಗಳ ಶಾಲೆಯ ಡೊನೇಷನ್ ಇವುಗಳ ಮಧ್ಯೆ. ಮನಸ್ಸಿನಲ್ಲಿ ‘ಎಲ್ಲ ಬಿಟ್ಟು ಊರಿಗೆ ಹೋಗಿಬಿಡಬೇಕು’ ಎಂಬ ರಾಗವೇ ಓಡುತ್ತಿತ್ತು. ಇಪ್ಪತ್ತೆರಡರಲ್ಲಿ ಮುಂಬಯಿಯೇ ಆ ಕಾಣದ ಕಡಲು. ಮೂವತ್ತೆಂಟರಲ್ಲಿ ಮುಂಬಯಿ ಬಿಡುವುದೇ ಕಡಲು. ಹಾಡು ಅದೇ, ನನ್ನ ಬೇಡಿಕೆ ಮಾತ್ರ ತಿರುವುಮುರುವು. ಕೊಡ ನಾನೇ ತೆಗೆದುಕೊಂಡು ಕೆಳಗಿಳಿದೆ. ಸರದಿಯಲ್ಲಿ ಹಾಡಲಿಲ್ಲ.

5. ಹಾಡುವ ಮೊದಲು ಅರ್ಥ ವಿವರಿಸುವ ಚಟ ಬಿಡುವುದು ಒಳ್ಳೆಯದು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಸಮುದ್ರದಲ್ಲಿ ಭರತ; ಮೀಠಿ ನದಿಗೆ ಹೋಗಲು ದಾರಿಯಿಲ್ಲದೆ ನೀರು ಹಿಂದಕ್ಕೆ ತಿರುಗಿ ಕುರ್ಲಾ, ಕಲೀನಾ, ಸಾಕಿನಾಕಾದ ಮನೆಗಳಿಗೆ ನುಗ್ಗಿತು. ಆಗ ನಾನು ಆ ಕಡೆಯ ಒಂದು ಶಾಖೆಯಲ್ಲಿದ್ದೆ. ಲೋಕಲ್ ನಿಂತಿತು, ಫೋನು ಸತ್ತಿತು. ರಾತ್ರಿ ಮೊದಲ ಮಹಡಿಯ ರೆಕಾರ್ಡ್ ರೂಮಿನಲ್ಲಿ ನಾವೆಲ್ಲ ಬಿಸ್ಕತ್ತು ಹಂಚಿಕೊಂಡು ಕೂತಿದ್ದೆವು. ಹೊತ್ತು ಹೋಗಲೆಂದು ಯಾರೋ ನನ್ನನ್ನು ಹಾಡಲು ಹೇಳಿದರು. ನಾನು ಎಂದಿನಂತೆ ಹಿಂದಿಯಲ್ಲಿ ಪೀಠಿಕೆ ಹಾಕಿದೆ: ಇದೊಂದು ನದಿಯ ಹಾಡು, ಸಮುದ್ರ ಸೇರಲು ಅದು ಹಂಬಲಿಸುತ್ತದೆ, ಹೀಗೆ. ಕ್ಯಾಷಿಯರ್ ಬಾಯಿಯ ಮಗ ಶಾಲೆಯಿಂದ ಮನೆ ಮುಟ್ಟಿದ ಸುದ್ದಿ ಬಂದಿರಲಿಲ್ಲ. ಆಕೆ ತಲೆ ಎತ್ತಿ, ‘ನಿನ್ನ ನದಿ ಸಮುದ್ರಕ್ಕೆ ಹೋಗಲಿಲ್ಲ, ನನ್ನ ಮನೆಗೇ ಬಂದಿದೆ. ಸುಮ್ಮನಿರು’ ಎಂದರು.

ಸುಮ್ಮನಾದೆ. ಹುಡುಗ ಮರುದಿನ ಸುರಕ್ಷಿತವಾಗಿ ಸಿಕ್ಕಿದ, ಆಕೆ ನನಗೆ ಚಹಾ ಕೊಡಿಸಿದರು, ಆ ಮಾತು ಬೇರೆ. ಪೀಠಿಕೆಯಿಲ್ಲದೆ ಹಾಡಿದ್ದರೆ ಅರ್ಥವಾಗದ ಭಾಷೆಯ ಒಂದು ಹಾಡು ಅವರಿಗೆ ಸಮಾಧಾನವನ್ನೇ ಕೊಡುತ್ತಿತ್ತೇನೋ. ಇದಕ್ಕೆ ಸಾಕ್ಷಿಯೂ ಇದೆ. ನಮ್ಮ ಲೋಕಲಿನ ಡಬ್ಬದಲ್ಲಿ ತಾಳ ಹಿಡಿದು ಅಭಂಗ ಹೇಳುವ ಭಜನಿ ಮಂಡಳದವರು ಒಮ್ಮೆ ನನ್ನಿಂದ ಇದನ್ನು ಹಾಡಿಸಿದರು. ದಾದರಿನ ಗದ್ದಲದಲ್ಲಿ ವಿವರಿಸಲು ಪುರಸೊತ್ತಿರಲಿಲ್ಲ. ಅವರು ತಮ್ಮ ತಾಳಕ್ಕೆ ಎಳೆದುಕೊಂಡು, ಕೊನೆಗೆ ಒಂದು ‘ಪುಂಡಲೀಕ ವರದೇ’ ಕೂಗಿ ಮುಗಿಸಿದರು. ಅವರ ಪಾಲಿಗೆ ಅದು ಪಂಢರಪುರದ ಹಾಡೇ ಆಗಿತ್ತು. ನಾನು ತಿದ್ದಲಿಲ್ಲ.

6. ವೇದಿಕೆಯ ಮೇಲೆ ಮಾತಾಡುವ ಮೊದಲು ಭೂಪಟ ನೋಡಬೇಕು.

ಇದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ನಮ್ಮೂರ ಹೊಳೆ ಕುಮುದ್ವತಿ. ಹುಂಚದ ಕಡೆ ಹುಟ್ಟಿ, ಶಿಕಾರಿಪುರ ದಾಟಿ, ನಮ್ಮ ಮದಗ-ಮಾಸೂರು ಕೆರೆ ತುಂಬಿಸಿ ಮುಂದೆ ಹೋಗುತ್ತದೆ. ಸಂಘಗಳ ವೇದಿಕೆಯಲ್ಲಿ ನಾನು ಬಹಳ ವರ್ಷ ಒಂದು ಮಾತು ಹೇಳುತ್ತಿದ್ದೆ: ‘ನಮ್ಮೂರ ಕುಮುದ್ವತಿಯೂ ನಾನೂ ಕೊನೆಗೆ ಬಂದು ಸೇರಿದ್ದು ಇದೇ ಕಡಲಿಗೆ.’ ಚಪ್ಪಾಳೆ ಬೀಳುತ್ತಿತ್ತು. ಕರಾವಳಿಯವರೂ ಹೊಡೆಯುತ್ತಿದ್ದರು, ಅವರಿಗೆ ಘಟ್ಟದ ಮೇಲಿನ ಹೊಳೆಗಳ ಉಸಾಬರಿ ಯಾಕೆ?

ನಿವೃತ್ತಿಯ ನಂತರ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಭಾವಗೀತೆ ಹೇಳಿಕೊಡಲು ಶುರು ಮಾಡಿದೆ. ಇಲ್ಲೇ ಹುಟ್ಟಿದ ಮಕ್ಕಳು. ಮನೆಯಲ್ಲಿ ಕನ್ನಡ ಅಥವಾ ತುಳು ಕೇಳುತ್ತವೆ, ಓದಲು ಬಾರದು. ಹಾಡನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತವೆ. ಆ ಲಿಪಿಯಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲವಾದ್ದರಿಂದ ‘ಹೊಳೆ’ಯೆಲ್ಲ ‘ಹೋಳೇ’ ಆಗಿ ನೀರು ಒಂದೇ ಸಮನೆ ಉಬ್ಬುತ್ತದೆ. ಸಮುದ್ರವನ್ನು ಬಣ್ಣಿಸುವ ಕಡೆ ಕವಿ ದೊಡ್ಡ ದೊಡ್ಡ ಸಂಸ್ಕೃತ ಸಮಾಸ ಹಾಕಿದ್ದಾರೆ. ನಮ್ಮ ಕಡೆಯ ದೊಡ್ಡವರು ಅಲ್ಲಿ ಮಹಾಪ್ರಾಣ ನುಂಗುತ್ತಾರೆ, ಈ ಮಕ್ಕಳು ಮರಾಠಿ ಬಲ್ಲವರಾದ್ದರಿಂದ ಸಲೀಸಾಗಿ ದಾಟುತ್ತವೆ. ಅವರ ಪ್ರಶ್ನೆಗಳು ಮಾತ್ರ ಕಷ್ಟ. ‘ಅಂಕಲ್, ಇವನಿಗೆ ಸಮುದ್ರ ನೋಡ್ಬೇಕಾದ್ರೆ ಚೌಪಾಟಿಗೆ ಯಾಕೆ ಹೋಗಲ್ಲ?’ ಎಂದು ಒಬ್ಬ ಕೇಳಿದ. ಆಸೆಪಟ್ಟ ಭಾನುವಾರ ಅಕ್ಸಾಕ್ಕೋ ಜುಹೂಗೋ ಹೋಗಿಬರುವ ಹುಡುಗ ಅವನು. ಕಾಡಿನ ನಡುವಿನ ತೊರೆಯನ್ನು ಅವನು ನೋಡಿಲ್ಲ. ಅವನಿಗೆ ಕಾಣದ್ದು ಕಡಲಲ್ಲ, ಹೊಳೆ.

ನಾನು ಉತ್ಸಾಹದಿಂದ ಕುಮುದ್ವತಿಯ ಕಥೆ ಹೇಳಿದೆ, ಅದೇ ಹಳೇ ಮಾತು ಸೇರಿಸಿ. ಏಳನೆಯ ತರಗತಿಯ ಹುಡುಗಿಯೊಬ್ಬಳು ಚೀಲದಿಂದ ಅಟ್ಲಾಸ್ ತೆಗೆದಳು. ಬೆರಳಿಟ್ಟು ನೋಡುತ್ತಾ ಹೋದಳು. ಕುಮುದ್ವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಆಂಧ್ರ ದಾಟಿ ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿಗೆ. ‘ಅಂಕಲ್, ನಿಮ್ಮ ನದಿ ಆ ಕಡೆ ಹೋಗ್ತದೆ’ ಎಂದಳು. ತರಗತಿಯಲ್ಲಿ ಬಿದ್ದ ನಗು ನನಗೆ ಸಿಕ್ಕಬೇಕಾದದ್ದೇ.

ಗೊತ್ತಾಗಬೇಕಿತ್ತು. ಮೊದಮೊದಲು ಊರಿನಿಂದ ಬರುವಾಗ ಮೀರಜಿನಲ್ಲಿ ಇಳಿದು, ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಗಾಡಿ ಬದಲಿಸಬೇಕಿತ್ತು. ಅದಕ್ಕೂ ಮೊದಲು ಕುಡಚಿಯ ಹತ್ತಿರ ಕೃಷ್ಣೆಯ ಸೇತುವೆ. ಎಲ್ಲರೂ ಕಿಟಕಿಯಿಂದ ನಾಣ್ಯ ಎಸೆಯುತ್ತಿದ್ದರು, ನಾನೂ ಎಸೆಯುತ್ತಿದ್ದೆ. ನಮ್ಮೂರ ನೀರು ಮುಂದೆ ಹೋಗಿ ಕೂಡುವ ಹೊಳೆ ಅದು, ನನಗೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತಿತ್ತು. ನಾನು ಪಶ್ಚಿಮಕ್ಕೆ ಹೊರಟಿದ್ದೆ. ಇದಕ್ಕಿಂತ ಹೆಚ್ಚಾಗಿ, ನನ್ನ ತಾಯಿ ಒಮ್ಮೆ ಡೊಂಬಿವಲಿಗೆ ಬಂದಾಗ ಅವಳನ್ನು ಗಿರಗಾಂವ ಚೌಪಾಟಿಗೆ ಕರೆದುಕೊಂಡು ಹೋಗಿದ್ದೆ. ಒಂದು ಬೊಗಸೆ ನೀರು ತಲೆಗೆ ಪ್ರೋಕ್ಷಿಸಿಕೊಂಡು, ಸೂರ್ಯ ಮುಳುಗುವ ದಿಕ್ಕು ನೋಡಿ, ‘ನಮ್ಮ ಹೊಳಿ ಇಲ್ಲಿಗೆ ಬರೂದಿಲ್ಲಲ್ಲೋ, ಅದು ಮೂಡಲಕ್ಕ ಹೋಗತೈತಿ’ ಎಂದಿದ್ದಳು. ಆಮೇಲೆ ಭೇಲ್‌ಪುರಿಯ ರೇಟಿಗೆ ಬೈದಳು. ಬೈದದ್ದು ನೆನಪಿಟ್ಟುಕೊಂಡೆ, ಹೊಳೆಯ ಮಾತು ಮರೆತೆ.

ಕೃಷ್ಣೆಯ ಕಥೆ ಇನ್ನೂ ಸೋಜಿಗದ್ದು. ಅದು ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬಿ ಸಮುದ್ರ ಸುಮಾರು 64 ಕಿಲೋಮೀಟರ್. ಅಷ್ಟು ಹತ್ತಿರದ ಕಡಲನ್ನು ಬಿಟ್ಟು ಅದು ಸುಮಾರು 1,400 ಕಿಲೋಮೀಟರ್ ಹರಿದು ಇನ್ನೊಂದು ಕಡಲಿಗೆ ಹೋಗುತ್ತದೆ. ನೆಲ ಎತ್ತ ಇಳಿದಿದೆಯೋ ಅತ್ತ ನೀರು. ನನ್ನ ಬದುಕಿನ ಇಳಿಜಾರು ಇತ್ತ ಇತ್ತು, ಇತ್ತ ಬಂದೆ; ನಮ್ಮ ಹೊಳೆ ಅತ್ತ ಹೋಯಿತು. ವೇದಿಕೆಯ ಮೇಲಿನ ಆ ಮಾತು ಬಿಟ್ಟಿದ್ದೇನೆ. ಚಪ್ಪಾಳೆ ಕಡಿಮೆಯಾಗಿದೆ, ಹಾಡು ಹಗುರಾಗಿದೆ. ಸೇರಿಬಿಟ್ಟೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಹಾಡು ಎಲ್ಲಿಯೂ ಹಾಗೆ ಹೇಳುವುದಿಲ್ಲ. ಅದು ಮೊದಲಿನಿಂದ ಕೊನೆಯವರೆಗೆ ಕೇಳುತ್ತಲೇ ಇರುತ್ತದೆ. ಕೊನೆಯ ಸಾಲನ್ನು ಉತ್ತರದಂತೆ ಹಾಡಿದರೆ ಹಾಡು ಕೆಡುತ್ತದೆ. ಇಷ್ಟು ವರ್ಷಗಳಲ್ಲಿ ನನಗೆ ಖಾತ್ರಿಯಾಗಿ ತಿಳಿದ ಸಂಗತಿ ಇದೊಂದೇ.

7. ಶ್ರುತಿ ಇಳಿಸಲು ನಾಚಬಾರದು.

ವಯಸ್ಸಿನಲ್ಲಿ ನಾನು ಕಪ್ಪು ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುತ್ತಿದ್ದೆ. ಹಾರ್ಮೋನಿಯಂನವರು ‘ಕಾಳಿ ದೋನ್?’ ಎಂದು ಹುಬ್ಬೇರಿಸಿದರೆ ನನಗೆ ಎದೆ ಉಬ್ಬುತ್ತಿತ್ತು. ಐವತ್ತು ದಾಟಿದ ಮೇಲೆ ಮೇಲಿನ ಸ್ವರಗಳಲ್ಲಿ ದನಿ ಬಿರಿಯತೊಡಗಿತು. ನಾನು ಶೀತದ ಮೇಲೆ, ಮುಂಬಯಿಯ ಧೂಳಿನ ಮೇಲೆ, ಮೈಕಿನವನ ಮೇಲೆ ತಪ್ಪು ಹೊರಿಸಿದೆ. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರ್ 29, ಅವರ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ. ಅವರ ಸ್ಮರಣೆಯ ಒಂದು ಸಭೆಯಲ್ಲಿ ಹಠದಿಂದ ಹಳೆಯ ಶ್ರುತಿಯಲ್ಲೇ ಎತ್ತಿದೆ. ಮೇಲೆ ಹೋದಾಗ ದನಿ ಸೀಳಿ ನಿಂತೇಹೋಯಿತು. ಸಭಿಕರು ಅದನ್ನು ದುಃಖ ಎಂದುಕೊಂಡರು. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಹೊರಗೆ ಬಂದು ನನ್ನ ಕೈ ಹಿಡಿದು, ‘ಎಂಥ ಭಾವ!’ ಎಂದರು. ನಾನು ತಲೆ ತಗ್ಗಿಸಿ ಆ ಮೆಚ್ಚುಗೆಯನ್ನು ಜೇಬಿಗೆ ಹಾಕಿಕೊಂಡೆ. ಇವತ್ತಿಗೂ ಅವರಿಗೆ ನಿಜ ಹೇಳಿಲ್ಲ.

ಅದಾದ ಮೇಲೆ ಕಪ್ಪು ಒಂದಕ್ಕೆ ಇಳಿದೆ. 2013ರ ಡಿಸೆಂಬರಿನಲ್ಲಿ ಶಿವರುದ್ರಪ್ಪನವರೂ ಹೋದರು; ಆಗಿನ ಸಭೆಗೆ ಬಿಳಿ ಒಂದು. ತಗ್ಗಿನಲ್ಲಿ ಹಾಡಿದಾಗ ಮೊದಲ ಬಾರಿಗೆ ಪದಗಳು ಬಿಡಿಬಿಡಿಯಾಗಿ ಕೇಳಿದವು ಎಂದು ಹೆಂಡತಿ ಹೇಳಿದಳು. ಅವಳು ಸುಲಭಕ್ಕೆ ಹೊಗಳುವವಳಲ್ಲ.

8. ಶ್ರದ್ಧಾಂಜಲಿಗೆಂದೇ ಹಾಡನ್ನು ಮೀಸಲಿಡಬಾರದು.

ನನ್ನ ವಾರಿಗೆಯವರು ಒಬ್ಬೊಬ್ಬರಾಗಿ ಹೊರಟಿರುವುದರಿಂದ ಈಗ ಕರೆ ಬರುವುದು ಹೆಚ್ಚಾಗಿ ಅಂಥ ಸಭೆಗಳಿಗೆ. ಹಾಡಿನ ಕಡಲು ಎಂದರೆ ಸಾವು ಎಂದು ಜನ ತೀರ್ಮಾನಿಸಿಬಿಟ್ಟಿದ್ದಾರೆ. ಇರಬಹುದು, ಆದರೆ ಅದೊಂದೇ ಅಲ್ಲ. ಹೋದ ವರ್ಷ ಒಂದು ಮದುವೆಯಲ್ಲಿ, ಮನೆಯವರು ಬೇಡ ಬೇಡ ಎಂದರೂ, ಓಟದಲ್ಲಿ ಹಾಡಿದೆ. ವಧು ಕೆನಡಾಕ್ಕೆ ಹೊರಟವಳು, ಮತ್ತೊಮ್ಮೆ ಹಾಡಿ ಎಂದಳು.

ಭಾನುವಾರದ ತರಗತಿ ಡೊಂಬಿವಲಿ ಪೂರ್ವದಲ್ಲಿ ನಡೆಯುತ್ತಿದೆ. ತಬಲಾ ನುಡಿಸುತ್ತಿದ್ದ ಹುಡುಗ ಕೆಲಸ ಸಿಕ್ಕಿ ಪುಣೆಗೆ ಹೋದ. ಡೊಂಬಿವಲಿ ಕಡೆ ತಬಲಾ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ. ಸಂಬಳವಿಲ್ಲ, ಚಹಾ ಉಂಟು. ನನ್ನ ಶ್ರುತಿ ಬಿಳಿ ಒಂದು. ಮಕ್ಕಳದು ಕಪ್ಪು ನಾಲ್ಕು.